ಸೂಟಿ ಮೇಲಿದ್ದ ಕೈ

ಹೋದ ವಾರ ನಮ್ಮ ಬಳಗದ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ಫೋಟೋ ಭಾರೀ ಹಿಟ್ ಆಯಿತು.

ಫೋಟೋದಲ್ಲಿರುವವಳು ನನ್ನ ನಾದಿನಿ ಕುಸುಮಾ. ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಹಿಂದೆ ತುಂಗಭದ್ರಾ ಹೊಳೆ ಬಿಸಿಲಿಗೆ ಫಳಫಳ ಅನ್ನುತ್ತಿದೆ. ಅವಳ ಬಾಯಿ ಇಷ್ಟಗಲ ತೆರೆದಿದೆ, ಎಡಗೈ ಮೇಲೆದ್ದಿದೆ. ‘ಎಷ್ಟ್ ನಗತಾಳ ನೋಡ್ರಿ ನಮ್ಮ ಕುಸುಮಾ’ ಅಂತ ಮುಂಡರಗಿಯಿಂದ ಬಂತು. ‘ಟಾಟಾ ಮಾಡಾಕತ್ತಾಳ’ ಅಂತ ಇನ್ನೊಬ್ಬರು. ಅದರ ಬೆನ್ನಿಗೆ ಸಾಲುಸಾಲು ಹೃದಯಗಳು. ಹುಬ್ಬಳ್ಳಿಯ ಬೀಗರೂ ಒಂದು ಹಾಕಿದರು (ಅವರು ಯಾರ ಸಂತೋಷಕ್ಕೂ ಸುಲಭಕ್ಕೆ ಹೃದಯ ಕೊಡುವವರಲ್ಲ). ನಾನಂತೂ ಅದನ್ನೇ ಡಿಪಿ ಮಾಡಿಕೊಂಡೆ.

ಈಗ ತೆಗೆದಿದ್ದೇನೆ. ಯಾಕೆ ಅಂತ ನಿಮಗಾದರೂ ಹೇಳಬೇಕು.

ನಮ್ಮ ಮನೆ ಗದಗಿನ ಹಳೇ ಓಣಿಯಲ್ಲಿದೆ. ನಾನು, ನಮ್ಮ ಮನೆಯವರು, ಅತ್ತೆ, ಕುಸುಮಾ ಹೀಗೆ ನಾಲ್ಕು ಮಂದಿ. ಕುಸುಮಾಗೆ ಈಗ ನಲವತ್ನಾಲ್ಕು. ಹುಟ್ಟಿದಾಗಿನಿಂದ ನಡೆದವಳಲ್ಲ. ಮಾತಿಲ್ಲ, ಒಂದು ‘ಹಾಂ’ ಇದೆ. ಹಸಿವು, ಸಿಟ್ಟು, ಬೇಕು, ಬೇಡ ಎಲ್ಲ ಅದರಲ್ಲೇ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ, ಎಡಗೈ ಮಾತ್ರ ಚುರುಕು. ಅವಳನ್ನು ನೋಡಿಕೊಳ್ಳುವವಳು ಹುಲಿಗೆವ್ವ. ಮೂಲ ಶಿರಹಟ್ಟಿ ಕಡೆಯವಳು, ಬೆಟಗೇರಿಯಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ಆರಕ್ಕೆ ಹೋಗುತ್ತಾಳೆ. ಎರೆಯುವುದು, ಉಣ್ಣಿಸುವುದು, ಎತ್ತುವುದು, ಇಳಿಸುವುದು ಎಲ್ಲ ಅವಳದೇ. ಆರು ವರ್ಷವಾಯಿತು. ತಿಂಗಳ ಪಗಾರ, ಬರದ ದಿನಕ್ಕೆ ಕಟ್.

ಈ ಸಲ ಒಂದು ಟೂರ್ ಮಾಡಬೇಕು ಅಂತ ಮನಸ್ಸಾಯಿತು. ದೊಡ್ಡದೇನಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಲಕ್ಕುಂಡಿ ನೋಡುವುದು, ರಾತ್ರಿ ಮುಂಡರಗಿಯಲ್ಲಿ ಚಿಗವ್ವನ (ನಮ್ಮ ಅತ್ತೆಯ ತಂಗಿ) ಮನೆಯಲ್ಲಿ ಉಳಿಯುವುದು, ಮರುದಿನ ಚಿಗವ್ವನನ್ನೂ ಅವರ ಮಗ ಸೊಸೆಯನ್ನೂ ಕರೆದುಕೊಂಡು ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚುವುದು. ಹುಲಿಗೆವ್ವ ಇಲ್ಲದೆ ಕುಸುಮಾಳನ್ನು ಕರೆದೊಯ್ಯುವ ಧೈರ್ಯ ನಮಗ್ಯಾರಿಗೂ ಇಲ್ಲ. ಅವಳೂ ಬರಬೇಕು. ಬಂದರೆ ಪಗಾರದ ಕಥೆ ಏನು?

‘ಗಾಡಿ ನಮ್ಮದು, ಊಟ ನಮ್ಮದು, ವಸ್ತಿ ನಮ್ಮದು. ಹೊಳಿ ಅಕೀನೂ ನೋಡ್ತಾಳ. ಮ್ಯಾಲೆ ಪಗಾರ ಬ್ಯಾರೆ ಏನು?’ ಅಂದರು ನಮ್ಮ ಮನೆಯವರು. ನನಗೂ ಖರೆ ಅನ್ನಿಸಿತು. ಆದರೆ ಬಾಯಿಬಿಟ್ಟು ಪಗಾರವಿಲ್ಲ ಅನ್ನುವುದು ಹೇಗೆ? ಅದಕ್ಕೆ ನಾನೊಂದು ಸಭ್ಯ ದಾರಿ ಹುಡುಕಿದೆ. ಹುಲಿಗೆವ್ವನನ್ನು ಕರೆದು, ಎರಡು ದಿನ ನಿನಗೆ ಕೆಲಸದಿಂದ ಸೂಟಿ, ನೀನು ನಮ್ಮ ಮನೆಮಗಳ ಹಾಗೆ ಬಾ, ಕುಸುಮಾಳನ್ನು ನಾವೆಲ್ಲ ನೋಡಿಕೊಳ್ಳುತ್ತೇವೆ, ವಾಪಸ್ ಬಂದ ಮೇಲೆ ಉಡಿ ತುಂಬಿ ಕಳಿಸುತ್ತೇನೆ ಅಂದೆ. ಸೂಟಿ ಅಂದ ಮೇಲೆ ಪಗಾರದ ಮಾತೇ ಇಲ್ಲವಲ್ಲ? ಮನೆಮಗಳಿಗೆ ಯಾರಾದರೂ ಪಗಾರ ಕೊಡುತ್ತಾರೆಯೇ? ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಆತ್ರಿ ಅಂದಳು.

(ಇಲ್ಲೊಂದು ಮಾತು. ಗಾಡಿ ಡ್ರೈವರ್ ಕೂಡ ನಮ್ಮ ಜೊತೆಗೇ ಉಂಡ, ನಮ್ಮ ಜೊತೆಗೇ ಹೊಳೆ ನೋಡಿದ. ಅವನಿಗೆ ದಿನದ ಭತ್ಯೆ ಕೊಟ್ಟೆವು. ರಾತ್ರಿ ಗಾಡಿಯಲ್ಲಿ ಗೊರಕೆ ಹೊಡೆದದ್ದಕ್ಕೆ ನೈಟ್ ಹಾಲ್ಟ್ ಅಂತ ಬೇರೆ ಕೊಟ್ಟೆವು. ನಿನಗೂ ಸೂಟಿ ನೋಡಪಾ ಅಂತ ಅವನಿಗೆ ಯಾರೂ ಹೇಳಲಿಲ್ಲ. ಇನ್ನು ನಮ್ಮ ಮನೆಯವರು ಸರ್ವಿಸಿನಲ್ಲಿದ್ದಾಗ ಟ್ರೇನಿಂಗ್ ಅಂತ ಹಂಪಿಗೆ ಹೋಗಿ ಬಂದು ಟಿ.ಎ., ಡಿ.ಎ. ಎರಡನ್ನೂ ಎಣಿಸಿಕೊಂಡವರು.)

ಹೊರಡುವ ಹಿಂದಿನ ಸಂಜೆ ಒಂದು ವಿಚಿತ್ರ ನಡೆಯಿತು.

ಗಾಲಿಕುರ್ಚಿಯ ಬೆನ್ನಿಗೆ ಒಂದು ಬಟ್ಟೆಯ ಚೀಲ ಇದೆ. ಅದರಲ್ಲಿ ಟವೆಲ್ಲು, ಔಷಧ ತುಂಬೋಣ ಅಂತ ಕೈ ಹಾಕಿದೆ. ತಳದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದರೆ ಕೆಂಪು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದಾರದಿಂದ ಕಟ್ಟಿದ ಗಂಟು. ಬಿಚ್ಚಿದೆ. ಒಳಗೆ ಒಂದು ಕಲ್ಲು. ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ. ಉಜ್ಜಿ ಉಜ್ಜಿ ನುಣುಪಾಗಿತ್ತು.

ಅತ್ತೆ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖದ ಬಣ್ಣವೇ ಹೋಗಿತ್ತು. ‘ಯಾರೋ ಮಾಡ್ಸ್ಯಾರ ಇದನ್ನ. ಮೊದಲ ಹೊರಗ ಒಗಿ’ ಅಂದರು. ನಾನು ನಲವತ್ತು ವರ್ಷದಿಂದ ಪೇಪರ್ ಓದುವವಳು, ಮಾಟ ಮಂತ್ರ ನಂಬುವವಳಲ್ಲ. ಆದರೂ ಅಂಗೈಯಲ್ಲಿ ಆ ಕಲ್ಲು ಬೆಚ್ಚಗಿತ್ತು. ಯಾರೋ ಈಗಷ್ಟೇ ಇಟ್ಟು ಹೋದ ಹಾಗಿತ್ತು. ಹುಲಿಗೆವ್ವನನ್ನು ಕೇಳೋಣವೇ? ಕೇಳಿದರೆ ನೀನೇ ಇಟ್ಟೆಯಾ ಅಂದ ಹಾಗೆ ಆಗುತ್ತದೆ. ನಾಳೆ ಅವಳು ಬರದೆ ಹೋದರೆ ಟೂರೇ ಇಲ್ಲ. ಸುಮ್ಮನಾದೆ. ಅತ್ತೆಯ ಅಪ್ಪಣೆಯಂತೆ ಓಣಿಯ ಆಚೆ ಮೂರು ದಾರಿ ಕೂಡುವಲ್ಲಿ ಬಟ್ಟೆಯ ಸಮೇತ ಕಲ್ಲನ್ನು ಇಟ್ಟು, ಹಿಂದೆ ತಿರುಗಿ ನೋಡದೆ ಬಂದೆ. (ನಂಬುವವಳಲ್ಲ ಅಂದೆನಲ್ಲ? ತಿರುಗಿ ಮಾತ್ರ ನೋಡಲಿಲ್ಲ.)

ಮರುದಿನ ಲಕ್ಕುಂಡಿಯಲ್ಲಿ ಇಳಿದಾಗ ಹುಲಿಗೆವ್ವ ಆ ಚೀಲದಲ್ಲಿ ಕೈಯಾಡಿಸಿದಳು. ತಳದವರೆಗೂ ತಡಕಿದಳು. ಇದರಾಗ ಒಂದು ಕಲ್ಲಿತ್ತಲ್ರಿ ಅಕ್ಕಾರ, ಅಂದಳು. ನಾನು ನೋಡಿಲ್ಲ ಅಂದುಬಿಟ್ಟೆ. ಅವಳು ಚೀಲ ಮುಚ್ಚಿದಳು. ಕುರ್ಚಿಯ ಹಿಡಿಕೆಯ ಮೇಲೆ ಕೈ ಇಟ್ಟಳು. ಆ ಹೊತ್ತಿನಿಂದ ಆ ಕೈ ಅಲ್ಲಿಂದ ಏಳಲೇ ಇಲ್ಲ. ಬಾವಿಯ ಮೆಟ್ಟಿಲ ಮೇಲ್ಗಡೆ, ಗುಡಿಯ ಮುಂದೆ, ಗಾಡಿ ಕಾಯುತ್ತ ನಿಂತಲ್ಲಿ, ಎಲ್ಲ ಕಡೆ. ಚಹಾ ಕುಡಿಯುವಾಗ ಕೂಡ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಹಿಡಿಕೆಯ ಮೇಲೆ. ನಾನು ನಕ್ಕು, ಸೂಟಿ ಅದ ಅಲ್ಲೇನವ್ವಾ, ಕೈ ಬಿಡು ಅಂದೆ. ಅವಳೂ ನಕ್ಕಳು. ಕೈ ಬಿಡಲಿಲ್ಲ.

ಆ ರಾತ್ರಿ ಮುಂಡರಗಿಯಲ್ಲಿ ಕುಸುಮಾಳ ಪಕ್ಕ ಮಲಗಿದವಳೂ ಅವಳೇ. ಮೂರು ಸಲ ಎದ್ದು ಮಗ್ಗುಲು ಬದಲಿಸಿದಳಂತೆ. ನಾವೆಲ್ಲ ನೋಡಿಕೊಳ್ಳುತ್ತೇವೆ ಅಂದವರು ಚೆನ್ನಾಗಿ ನಿದ್ದೆ ಮಾಡಿದೆವು.

ಮರುದಿನ ಸಿಂಗಟಾಲೂರು. ಮಟಮಟ ಮಧ್ಯಾಹ್ನ. ದಂಡೆಯ ಮೇಲೊಂದು ಬೇವಿನ ಮರ, ಅದರ ಬುಡದಲ್ಲಿ ಗಟ್ಟಿ ನೆಲ, ಅಲ್ಲಿಂದ ನೀರಿನವರೆಗೆ ಇಳಿಜಾರು. ಗಾಳಿ ಪೂರ್ತಿ ನಿಂತಿತ್ತು. ಅಷ್ಟು ದೊಡ್ಡ ಹೊಳೆ ಒಂದಿಷ್ಟೂ ಸಪ್ಪಳವಿಲ್ಲದೆ ಬಿದ್ದುಕೊಂಡಿತ್ತು. ಹಕ್ಕಿಯೂ ಇಲ್ಲ. ನಮ್ಮ ಮಾತೇ ನಮಗೆ ದೊಡ್ಡದಾಗಿ ಕೇಳುತ್ತಿತ್ತು. ಬುತ್ತಿ ಮುಗಿದ ಮೇಲೆ ಹುಲಿಗೆವ್ವ ನನ್ನ ಹತ್ತಿರ ಬಂದು, ತಾನೂ ಒಂದು ಗಳಿಗೆ ನೀರಲ್ಲಿ ಕಾಲಿಟ್ಟುಕೊಂಡು ಕೂರಲೇ ಅಂತ ಕೇಳಿದಳು. ಎರಡು ದಿನದಲ್ಲಿ ಅವಳು ಕೇಳಿದ್ದು ಅದೊಂದೇ. ಹೋಗಿ ಬಾ ಅಂದೆ.

‘ಒಂದ ಕೈ ಕುರ್ಚಿ ಮ್ಯಾಲೆ ಇರ್ಲಿರಿ ಅಕ್ಕಾರ’ ಅಂದಳು.

ಹೂಂ ಅಂದೆ. ಇಟ್ಟೆ ಕೂಡ. ಆಮೇಲೆ ಚಿಗವ್ವನ ಮಗ ಎಲ್ಲರೂ ಬರ್ರಿ ಗ್ರೂಪ್ ಫೋಟೋ ಅಂತ ಕೂಗಿದ. ಸೆರಗು ಸರಿಮಾಡಿಕೊಳ್ಳಿ, ನಗಿರಿ, ಇನ್ನೊಂದು, ಮತ್ತೊಂದು ಅಂತ ಅವನದು ಒಂದೇ ಗದ್ದಲ. ತೆಗೆದಾದ ಕೂಡಲೇ ಎಲ್ಲರೂ ಅವನ ಮೊಬೈಲಿಗೆ ಮುಗಿಬಿದ್ದು, ನಾನು ದಪ್ಪ ಕಾಣತೇನಿ, ನಿನ್ನ ಕಣ್ಣು ಮುಚ್ಚ್ಯಾವ ಅಂತ ನೋಡಿದೆವು. ತಿರುಗಿದಾಗ ಹುಲಿಗೆವ್ವ ಕುರ್ಚಿಯ ಹಿಂದೆ ನಿಂತಿದ್ದಳು. ಮೊಳಕಾಲ ತನಕ ಸೀರೆ ತೊಯ್ದಿತ್ತು. ಉಸಿರು ಜೋರಾಗಿತ್ತು. ಇಷ್ಟು ಜಲ್ದಿ ಸೂಟಿ ಮುಗಿಯಿತೇನು ಅಂತ ನಾನು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕರು.

‘ಹೊಳಿ ನೀರು ಭಾಳ ಥಂಡ ಅದಾವ್ರಿ’ ಅಂದಳು ಅವಳು.

ಮನೆಗೆ ಬಂದು ಉಡಿ ತುಂಬಿದೆ. ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಒಂದು ರವಿಕೆಯ ಖಣ. ಅವಳು ಸೆರಗೊಡ್ಡಿ ತುಂಬಿಸಿಕೊಂಡು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಸ್ವಲ್ಪ ಕುಂಟುತ್ತಿದ್ದಳು. ಮುಳ್ಳು ಅಂದಳು. ಮರುದಿನ ಕೆಲಸಕ್ಕೆ ಬರಲಿಲ್ಲ. ಅದನ್ನೂ ಕಟ್ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ, ಆ ಎರಡು ದಿನದ ಪಕ್ಕಕ್ಕೇ.

ಅಲ್ಲಿಂದ ಮನೆಯಲ್ಲಿ ಏನೋ ಸರಿಯಿರಲಿಲ್ಲ.

ಕುಸುಮಾ ಹಿಡಿಯತೊಡಗಿದಳು. ಏನು ಸಿಕ್ಕಿದರೂ ಸರಿ. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ನನ್ನ ಸೆರಗು. ಆ ಒಂದು ಎಡಗೈಯಿಂದ ಹಿಡಿದರೆ ಬೆರಳು ಒಂದೊಂದಾಗಿ ಬಿಡಿಸಬೇಕು. ಬಿಡಿಸಿದರೆ ‘ಹಾಂ’ ಅನ್ನುತ್ತಾಳೆ. ಇಪ್ಪತ್ತು ವರ್ಷದಲ್ಲಿ ಅಂಥ ‘ಹಾಂ’ ನಾನು ಕೇಳಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಕುರ್ಚಿಯನ್ನು ಅಡುಗೆಮನೆಯ ಕಡೆ ತಿರುಗಿಸುವಾಗ ಒಂದು ಹೆಜ್ಜೆ ಹಿಂದಕ್ಕೆ ಎಳೆದೆ ಅಷ್ಟೇ. ಮೈಯೆಲ್ಲ ಬಿಗಿಹಿಡಿದು ನಡುಗಿದಳು. ಮುಂದೆ ನೂಕಿದರೆ ಏನೂ ಇಲ್ಲ. ಹಿಂದೆ ಎಳೆದರೆ ಮಾತ್ರ.

ಆಮೇಲೆ ಕುರ್ಚಿ ಒರೆಸುವಾಗ ಎಡಗಾಲಿಯ ಕಡ್ಡಿಗಳಲ್ಲಿ ಏನೋ ಸುತ್ತಿಕೊಂಡಿದ್ದು ಕಂಡೆ. ಕಪ್ಪಗೆ, ಒಣಗಿ, ಕೂದಲ ಹಾಗೆ. ಎಳೆದು ಮೂಸಿದೆ. ಹೊಳೆಯ ಪಾಚಿ.

ನೀರಿನ ಹತ್ತಿರ ನಾವು ಕುರ್ಚಿ ಒಯ್ದೇ ಇರಲಿಲ್ಲ.

ಅತ್ತೆಗೆ ತೋರಿಸಬಾರದಿತ್ತು, ತೋರಿಸಿದೆ. ಅವರು ಮಗಳ ತಲೆಯ ಮೇಲೆ ಕೈ ಇಟ್ಟು, ಮಟಮಟ ಮಧ್ಯಾಹ್ನ ಹೊಳೆದಂಡೆಗೆ ನಿಂತರೆ ಗಾಳಿ ಸೋಕದೆ ಇರುತ್ತದೆಯೇ ಅಂದರು. ಉಪ್ಪು ಮೆಣಸಿನಕಾಯಿ ಇಳಿಸಿ ಬೆಂಕಿಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ಸೋಕಿದ್ದು ಖರೆ ಅಂತ ಅರ್ಥ, ನಿಮಗೆ ಗೊತ್ತು. ನಾನು ಪೇಪರ್ ಓದುವವಳು, ಆದರೂ ನನ್ನ ತೋಳಿನ ಮೇಲೆ ಕೂದಲು ನಿಂತಿತ್ತು.

ಭಾನುವಾರ ಚಿಗವ್ವನ ಮಗ ಎಲ್ಲ ಫೋಟೋ ಕಳಿಸಿದ. ಅಷ್ಟು ದಿನ ನಮ್ಮ ಹತ್ತಿರ ಇದ್ದದ್ದು ಅವನ ಹೆಂಡತಿ ಕತ್ತರಿಸಿ ಹಾಕಿದ್ದ ಆ ಒಂದೇ ಫೋಟೋ. ಈಗ ಪೂರ್ತಿ ಬಂದವು. ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆಯ ಮೇಲೆ ಕೂತು ಒಂದೊಂದೇ ಸರಿಸಿದೆ.

ಲಕ್ಕುಂಡಿಯ ಫೋಟೋಗಳಲ್ಲೆಲ್ಲ ಅಂಚಿಗೆ ಒಂದು ಕೈ. ಮುಖವಿಲ್ಲ, ಮೈಯಿಲ್ಲ. ಹಿಡಿಕೆಯ ಮೇಲೆ ನಾಲ್ಕು ಬೆರಳು, ಎರಡು ಗಾಜಿನ ಬಳೆ. ಆ ಕೈ ಯಾರದು ಅಂತ ನನಗೆ ಗೊತ್ತೇ ಇತ್ತು. ಆದರೂ ಒಂದರ ಹಿಂದೆ ಒಂದು ಎಣಿಸುತ್ತ ಹೋದೆ.

ಆಮೇಲೆ ಸಿಂಗಟಾಲೂರು. ಮೊದಲನೆಯದರಲ್ಲಿ ಹಿಡಿಕೆಯ ಮೇಲೆ ನನ್ನ ಕೈ. ಎರಡನೆಯದರಲ್ಲಿ ನಾನು ಅತ್ತೆಯ ಪಕ್ಕ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೇನೆ. ಹಿಡಿಕೆ ಖಾಲಿ. ಬೇವಿನ ನೆರಳು ಕುಸುಮಾಳ ಮಡಿಲ ಮೇಲಿದೆ. ಮೂರನೆಯದರಲ್ಲಿ ನೆರಳು ಮಡಿಲ ಮೇಲಿಲ್ಲ. ಅವಳು ಬಿಸಿಲಿನಲ್ಲಿದ್ದಾಳೆ. ನೆರಳು ಸರಿಯಿತೇ? ಇಲ್ಲ. ನೆರಳು ಇದ್ದಲ್ಲೇ ಇದೆ. ಕುರ್ಚಿ ಸರಿದಿದೆ.

ನಾಲ್ಕನೆಯದರಲ್ಲಿ ಅವಳು ಚಿಗವ್ವನ ಭುಜದ ಹಿಂದೆ ಚಿಕ್ಕದಾಗಿ ಕಾಣುತ್ತಾಳೆ. ನಾವು ಐದೂ ಮಂದಿ ನಗುತ್ತಿದ್ದೇವೆ.

ಐದನೆಯದು, ನಮ್ಮ ಹೃದಯಗಳ ಫೋಟೋ. ಕತ್ತರಿಸದ ಫೋಟೋದಲ್ಲಿ ಅವಳು ಎರಡು ಬೆರಳಿನಷ್ಟು ಎತ್ತರ, ಎಲ್ಲರಿಗಿಂತ ಕೆಳಗೆ, ನೀರಿನ ಅಂಚಿನಲ್ಲಿ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಕುಸುಮಾ ನಗುವಾಗ ಅವಳ ಕಣ್ಣು ಮುಚ್ಚಿಕೊಳ್ಳುತ್ತವೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಒಮ್ಮೆಯೂ ತಪ್ಪಿದ್ದಿಲ್ಲ. ಇಲ್ಲಿ ಎರಡೂ ಕಣ್ಣು ಪೂರ್ತಿ ತೆರೆದಿದ್ದವು. ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ. ನಮ್ಮ ಬೆನ್ನು ನೋಡುತ್ತಿದ್ದಳು. ಕೈ ಟಾಟಾ ಮಾಡುತ್ತಿರಲಿಲ್ಲ.

ಆರನೆಯದರಲ್ಲಿ ಕುರ್ಚಿ ಇಲ್ಲ. ನಾವಿದ್ದೇವೆ. ನಮ್ಮ ಹಿಂದೆ ಬರೀ ಹೊಳೆ.

ಎದ್ದು ಹೋಗಿ ಕುಸುಮಾ ಹಾಸಿಗೆಯಲ್ಲಿದ್ದಾಳಾ ಅಂತ ನೋಡಿ ಬಂದೆ. ಇದ್ದಳು. ಮತ್ತೆ ಹೋಗಿ ನೋಡಿದೆ.

ಸೋಮವಾರ ಎಂಟಕ್ಕೆ ಹುಲಿಗೆವ್ವ ಬಂದಳು. ಕುಸುಮಾಳ ತಲೆ ಬಾಚುತ್ತಿದ್ದಾಗ ಮೊಬೈಲ್ ಮುಂದೆ ಹಿಡಿದೆ. ಅವಳು ಆರನೆಯ ಫೋಟೋ ಒಂದು ನಿಮಿಷ ನೋಡಿ, ಬಾಚಣಿಕೆ ಕೆಳಗಿಟ್ಟು, ತನ್ನ ಬಲಗಾಲು ಮುಂದೆ ಚಾಚಿದಳು. ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಕುರ್ಚಿ ಹಿಮ್ಮುಖವಾಗಿ ಬರುವುದು ಕಂಡು ನೀರಿನಿಂದ ಎದ್ದು ಓಡಿ, ಗಾಲಿಯ ಅಡಿಗೆ ಕಾಲು ಕೊಟ್ಟಿದ್ದಳು. ಹಿಂದಿನ ಗಾಲಿಗಳು ಆಗಲೇ ನಮ್ಮ ಬೆನ್ನ ಮರೆಯಲ್ಲಿ ನೀರಿಗೆ ಇಳಿದಿದ್ದವು. ನಾವು ಮೊಬೈಲಿಗೆ ಮುಗಿಬಿದ್ದಾಗ ಕುರ್ಚಿಯನ್ನು ಮೇಲಕ್ಕೆ ನೂಕಿ ತಂದಿದ್ದಳು.

ಆಗಲೇ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ನೀವು ಮೊದಲು ಏನು ಕೇಳುತ್ತಿದ್ದಿರಿ ಅಂತ ಅವಳು ತಿರುಗಿ ಕೇಳಿದಳು. ನನಗೆ ಗೊತ್ತಿತ್ತು. ‘ನೀ ಯಾಕ ಬಿಟ್ಟು ಹೋದಿ’ ಅಂತ ಕೇಳುತ್ತಿದ್ದೆ. ಆರು ವರ್ಷದ ಕೆಲಸ ಅಲ್ಲಿಗೆ ಹೋಗುತ್ತಿತ್ತು.

ನಾನು ಕಲ್ಲಿನ ವಿಷಯವನ್ನೂ ಹೇಳಿದೆ. ನಾನೇ ಒಯ್ದು ಬಿಟ್ಟುಬಂದೆ, ನಿನ್ನ ಮುಂದೆ ಸುಳ್ಳಾಡಿದೆ ಅಂತ. ಹೇಳುವಾಗ ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ಅದು ಅವಳ ಕಲ್ಲು. ಎಡಗಾಲಿಯ ಬ್ರೇಕು ಹಿಡಿಯುವುದಿಲ್ಲ. ಲಕ್ಷ್ಮೇಶ್ವರದಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ, ತೋರಿಸೋಣ ಅಂತ ನಮ್ಮ ಮನೆಯವರು ತಿಂಗಳುಗಟ್ಟಲೆ ಅಂದುಕೊಂಡೇ ಬಂದಿದ್ದರು. ಅಲ್ಲಿಯ ತನಕ ಇರಲಿ ಅಂತ ಅವಳು ಗಾಲಿಗೆ ಸರಿಹೊಂದುವ ಕಲ್ಲು ಹುಡುಕಿ, ಫರಸಿ ನೆಲದ ಮೇಲೆ ಸಪ್ಪಳವಾಗಿ ಕುಸುಮಾ ಬೆಚ್ಚಬಾರದು ಅಂತ ಬಟ್ಟೆ ಸುತ್ತಿದ್ದಳು. ಕೆಂಪು ಬಟ್ಟೆ ಯಾವುದು ಗೊತ್ತೇ? ಹೋದ ಪಂಚಮಿಗೆ ನಾನೇ ಉಡಿ ತುಂಬಿದ ಖಣ. ‘ಕುಬಸಕ್ಕ ಸಾಲಲಿಲ್ರಿ, ಕಲ್ಲಿಗೆ ಸಾಕಾತು’ ಅಂದಳು, ಯಾವ ಚುಚ್ಚುಮಾತಿನ ದನಿಯೂ ಇಲ್ಲದೆ.

ನನಗೆ ಅಳು ಬಂತು. ಅತ್ತರೆ ಅವಳೇ ಸಮಾಧಾನ ಮಾಡಬೇಕಾಗುತ್ತದೆ, ಅದೂ ಪುಕ್ಕಟೆ ಕೆಲಸವೇ ಅಂತ ತಡೆದುಕೊಂಡೆ. ನಿನಗೆ ಸೂಟಿ ಅಂತ ಹೇಳಿದ್ದೇ ತಪ್ಪಾಯಿತು ಅಂದೆ.

‘ನೀವು ನನಗ ಸೂಟಿ ಕೊಟ್ಟಿದ್ರಿ ಅಕ್ಕಾರ. ಕುರ್ಚಿಗೆ ಯಾರೂ ಕೊಟ್ಟಿದ್ದಿಲ್ಲಲ್ರಿ.’

ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ನಾವು ಬರೀ ಆರು ಮಂದಿ ಇದ್ದೆವು, ಒಬ್ಬರೂ ಹಿಡಿಕೆ ಹಿಡಿದಿರಲಿಲ್ಲ. ಎಲ್ಲರೂ ನೋಡಿಕೊಳ್ಳುತ್ತೇವೆ ಅನ್ನುವುದಕ್ಕಿಂತ ಭಯಂಕರ ಮಾತು ಇನ್ನೊಂದಿದೆಯೇ? ಮನೆಮಗಳು ಅನ್ನುವ ಮಾತನ್ನು ನಾವು ಎಷ್ಟು ಸಲ ಬರೀ ಪಗಾರ ಉಳಿಸಲಿಕ್ಕೆ ಬಳಸಿದ್ದೇವೆ? ನಮಗೆ ಟೂರ್ ಅಂದರೆ ಕೆಲಸದಿಂದ ಬಿಡುವು. ಅವಳಿಗೆ ಅದು ಗೊತ್ತಿಲ್ಲದ ಮೆಟ್ಟಿಲು, ಗೊತ್ತಿಲ್ಲದ ಬಚ್ಚಲು, ಗೊತ್ತಿಲ್ಲದ ಇಳಿಜಾರು. ಮನೆಯಲ್ಲಿ ಆರಕ್ಕೆ ಮುಗಿಯುವ ಕೆಲಸ ಅಲ್ಲಿ ಮುಗಿಯುವುದೇ ಇಲ್ಲ.

ಮುಂದಿನ ಸಲ ಹೇಗೆ ಅಂತ ಅವಳನ್ನೇ ಕೇಳಿದೆ. ಅವಳು ಮೊದಲೇ ಯೋಚಿಸಿಟ್ಟಿದ್ದಳು. ದಿನದ ಪಗಾರ ದಿನಕ್ಕೆ. ರಾತ್ರಿ ಎದ್ದು ಮಗ್ಗುಲು ಬದಲಿಸುವುದಕ್ಕೆ ಬೇರೆ, ಡ್ರೈವರನಿಗೆ ಕೊಟ್ಟ ಹಾಗೆ. ದಿನಕ್ಕೊಂದು ತಾಸು ನಿಜವಾದ ಸೂಟಿ. ಆ ತಾಸು ಕುರ್ಚಿಯ ಮೇಲೆ ಯಾರ ಕೈ ಅಂತ ಒಬ್ಬರ ಹೆಸರು ಹೇಳಬೇಕು. ಎಲ್ಲರ ಹೆಸರಲ್ಲ, ಒಬ್ಬರದು. ಕ್ಯಾಲೆಂಡರಿನ ಮೂರೂ ಗುರುತು ಹೊಡೆದುಹಾಕಿ ಆ ದಿನಗಳದ್ದು, ಆ ರಾತ್ರಿಯದ್ದು ಕೊಟ್ಟೆ. ಕಣ್ಣಿಗೆ ಒತ್ತಿಕೊಳ್ಳದೆ, ಎಣಿಸಿ ತೆಗೆದುಕೊಂಡಳು. ಅದು ನನಗೆ ಒಳ್ಳೆಯದೆನಿಸಿತು. ನಮ್ಮ ಮನೆಯವರು ಅವತ್ತೇ ಗಾಲಿಕುರ್ಚಿ ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ ಹತ್ತಿದರು.

ನಾನು ಮೂರು ದಾರಿ ಕೂಡುವಲ್ಲಿಗೆ ಹೋದೆ. ಕಲ್ಲು ಇಟ್ಟಲ್ಲೇ ಇತ್ತು. ಜನ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಯಾರೋ ಕುಂಕುಮ ಹಚ್ಚಿ ಒಂದು ನಿಂಬೆಹಣ್ಣು ಇಟ್ಟಿದ್ದರು. ಎತ್ತಿಕೊಂಡಾಗ ಎದುರಿನ ಅಂಗಡಿಯವನು ಬೇಡರೀ ಬಾಯಾರ ಅಂತ ಎದ್ದುನಿಂತ. ತೊಳೆದು, ಒಣಗಿಸಿ, ಅದೇ ಖಣ ಸುತ್ತಿ ಚೀಲಕ್ಕೆ ಹಾಕಿದೆ. ಬ್ರೇಕು ಸರಿಯಾಗಿದೆ. ಆದರೂ ಇರಲಿ.

ಕುಸುಮಾ ಈಗಲೂ ಹಿಡಿಯುತ್ತಾಳೆ. ಕಡಿಮೆಯಾಗಿದೆ, ಹೋಗಿಲ್ಲ.

ಅತ್ತೆಗೆ ಇನ್ನೂ ಏನೂ ಹೇಳಿಲ್ಲ. ಗಾಳಿ ಅಂತಲೇ ನಂಬಿದ್ದಾರೆ. ನಿನ್ನೆ ಚಿಗವ್ವ ಗ್ರೂಪಿನಲ್ಲಿ ಎಲ್ಲರ ಮುಂದೆ ಕೇಳಿದ್ದಾರೆ: ‘ಕುಸುಮಾ ನಗೂ ಫೋಟೋ ಯಾಕ ತಗದಿ?’

ಏನಂತ ಉತ್ತರ ಬರೆಯಲಿ, ನೀವೇ ಹೇಳಿ.